ಸೀಸದ ಗುಂಡಿಗೆ ಜಿಡ್ಡೇಕೆ?

ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯ ಮೂಲಕ ಕನ್ನಡದ ಮನೆಮನೆಗೆ ತಲುಪಿಸಿದರು. ಊರಿನಿಂದ ಬರುವಾಗ ಆ ಪುಸ್ತಕಗಳನ್ನು ತಂದು, ಮುಂಬಯಿಯಲ್ಲಿ ಬೆಳೆಯುವ ಮಕ್ಕಳಿಗೆ ಓದಿ ಹೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಬೆಂಗಳೂರಿನಲ್ಲಿ ನೆಲೆಸಿದ್ದು 1974ರಲ್ಲಿ ತೀರಿಕೊಂಡ ಆಂಡರ್ಸನ್ನರ ಹೆಗಲ ಮೇಲಿರುತ್ತಿದ್ದುದು ವಿಂಚೆಸ್ಟರ್ ಕಂಪೆನಿಯ 1895ರ ಮಾದರಿಯ .405 ರೈಫಲು. ಕುದುರೆಯ ಕೆಳಗಿರುವ ಕೈಬಳೆಯಂಥ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹಳೆಯ ತೋಟೆ ಹೊರಬಿದ್ದು ಹೊಸ ತೋಟೆ ಒಳಸೇರುವ ‘ಲಿವರ್’ ಜಾತಿಯ ಬಂದೂಕು ಅದು.

ಬಂದೂಕಿಗೆ ಸಂಬಂಧಿಸಿದ ಮತ್ತೊಂದು ಸಂಗತಿಯನ್ನು ನಾವೆಲ್ಲ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. 1857ರ ದಂಗೆಗೆ ತಕ್ಷಣದ ಕಾರಣವೇನು ಎಂಬ ಪ್ರಶ್ನೆಗೆ, ದನದ ಮತ್ತು ಹಂದಿಯ ಕೊಬ್ಬು ಸವರಿದ ತೋಟೆಗಳು ಎಂದು ಉತ್ತರ ಬರೆದು ಅಂಕ ಪಡೆದಿದ್ದೇವೆ. ಆದರೆ ಗುಂಡಿಗೆ ಕೊಬ್ಬನ್ನು ಏಕೆ ಸವರಬೇಕು ಎಂದು ಗುರುಗಳನ್ನು ಕೇಳಿದವರು ಕಡಿಮೆ. ಆ ಪ್ರಶ್ನೆಗೆ ಉತ್ತರ ತಿಳಿದರೆ ಇತಿಹಾಸದ ಆ ಪಾಠವೂ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ. ಇಂದಿಗೂ ಅಮೆರಿಕದಲ್ಲಿ ಲಿವರ್ ರೈಫಲು ಹಿಡಿಯುವ ಹವ್ಯಾಸಿಗಳು ತಮ್ಮ ಗುಂಡನ್ನು ತಾವೇ ಎರಕ ಹೊಯ್ದು, ತಾವೇ ಜಿಡ್ಡು ಹಚ್ಚಿಕೊಳ್ಳುವುದುಂಟು. ಆ ಕಸುಬಿನಿಂದಲೇ ವಿವರಣೆಯನ್ನು ಆರಂಭಿಸೋಣ.

ನಳಿಗೆಯೊಳಗಿನ ಸುರುಳಿ

ರೈಫಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅದರಲ್ಲಿ ಉದ್ದಕ್ಕೂ ಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ. ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೆ ದಬ್ಬಿದಾಗ, ಗುಂಡು ಆ ತೋಡುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ. ತಿರುಗುವ ಬುಗುರಿ ಬೀಳದೆ ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ತಲೆಕೆಳಗಾಗದೆ ನೇರವಾಗಿ ಸಾಗುತ್ತದೆ. ಇಷ್ಟಾಗಬೇಕಾದರೆ ಗುಂಡು ನಳಿಗೆಗೆ ಬಿಗಿಯಾಗಿ ಕೂಡಬೇಕು. ಬಿಗಿಯಾಗಿ ಕೂತದ್ದು ಉಜ್ಜುತ್ತದೆ. ಜಿಡ್ಡಿನ ಕಥೆ ಹುಟ್ಟುವುದೇ ಈ ಉಜ್ಜುವಿಕೆಯಿಂದ.

ಲಿವರ್ ರೈಫಲುಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ವಿಂಚೆಸ್ಟರ್ 1894 ಮಾದರಿ. ಅದಕ್ಕೆಂದು 1895ರಲ್ಲಿ ಬಂದ .30-30 ತೋಟೆ ಇಂದಿಗೂ ಜಿಂಕೆ ಬೇಟೆಗೆ ಬಳಕೆಯಲ್ಲಿದೆ. ಈ ರೈಫಲಿನಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ರೈಲುಡಬ್ಬಿಗಳಂತೆ ಒಂದರ ಹಿಂದೊಂದು ಸಾಲಾಗಿರುತ್ತವೆ. ಹಿಂದಿನ ತೋಟೆಯ ಮೂತಿ ಮುಂದಿನ ತೋಟೆಯ ತಳದಲ್ಲಿರುವ ಕೇಪಿಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ, ಒಂದು ಈಡು ಹಾರಿದಾಗಿನ ಒದೆತಕ್ಕೆ ಅದು ಕೇಪನ್ನು ಕುಟ್ಟಿ, ಕೊಳವೆಯೊಳಗಿನ ತೋಟೆಯೇ ಸಿಡಿಯುವ ಅಪಾಯವಿದೆ. ಆದ್ದರಿಂದ ಇಂಥ ರೈಫಲಿನ ಗುಂಡಿನ ಮೂತಿ ಚಪ್ಪಟೆಯಾಗಿರಬೇಕು. ಆಂಡರ್ಸನ್ನರ 1895ರ ಮಾದರಿಯಲ್ಲಿ ತೋಟೆಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂರುವುದರಿಂದ ಈ ತೊಡಕಿರಲಿಲ್ಲ.

ಕಾರ್ಖಾನೆಯಲ್ಲಿ ತಯಾರಾಗುವ ಬೇಟೆಯ ಗುಂಡುಗಳಿಗೆ ಸಾಮಾನ್ಯವಾಗಿ ತಾಮ್ರದ ಕವಚವಿರುತ್ತದೆ. ಉಕ್ಕಿನ ನಳಿಗೆಗೆ ತಾಗುವುದು ತಾಮ್ರವೇ ಹೊರತು ಸೀಸವಲ್ಲ. ಆದರೆ .30-30ಯಂತಹ ಮಧ್ಯಮ ವೇಗದ ತೋಟೆಗೆ ಕವಚವಿಲ್ಲದ ಸೀಸದ ಗುಂಡೂ ಸಾಕಾಗುತ್ತದೆ. ಕಾರ್ಖಾನೆಯ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹೊರಟರೆ, ಮನೆಯಲ್ಲಿ ಎರಕ ಹೊಯ್ದ ಗುಂಡನ್ನು 490ರಿಂದ 600 ಮೀಟರ್ ವೇಗದೊಳಗೆ ಇರಿಸುತ್ತಾರೆ. ಎರಕದವರಿಗೆ ಲಿವರ್ ರೈಫಲು ಇಷ್ಟವಾಗಲು ಇದೇ ಕಾರಣ.

ಎರಕದ ಕಸುಬು

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಎರಕದವರು ಅದನ್ನು 370ರಿಂದ 400 ಡಿಗ್ರಿಯವರೆಗೆ ಕಾಯಿಸುತ್ತಾರೆ. ಶುದ್ಧ ಸೀಸ ಬಹಳ ಮೆದು. ಉಗುರಿನಿಂದ ಗೀರಿದರೂ ಗುರುತು ಬೀಳುತ್ತದೆ. ಅಂಥ ಗುಂಡು ವೇಗವಾಗಿ ನುಗ್ಗಿದರೆ ತೋಡುಗಳನ್ನು ಕಚ್ಚದೆ ಜಾರಿಹೋಗುತ್ತದೆ. ಆದಕಾರಣ ಅದಕ್ಕೆ ತವರವನ್ನೂ ಆಂಟಿಮೊನಿಯನ್ನೂ ಬೆರೆಸುತ್ತಾರೆ. ತವರದಿಂದ ಎರಕ ಅಚ್ಚಿನ ಮೂಲೆಮೂಲೆಗೆ ಹರಿಯುತ್ತದೆ; ಆಂಟಿಮೊನಿ ಗಡಸುತನವನ್ನು ಕೊಡುತ್ತದೆ. ನೂರಕ್ಕೆ 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮೊನಿ ಎಂಬುದು ಹೆಸರಾದ ಒಂದು ಮಿಶ್ರಣ.

ಈ ಮೂರು ಲೋಹಗಳ ಬಂಧುತ್ವ ಕನ್ನಡಿಗರಿಗೆ ಅಪರಿಚಿತವಲ್ಲ. ಕಂಪ್ಯೂಟರು ಬರುವ ಮೊದಲು ನಾವು ಓದುತ್ತಿದ್ದ ಪತ್ರಿಕೆ ಪುಸ್ತಕಗಳ ಅಚ್ಚುಮೊಳೆಗಳನ್ನು ಎರಕ ಹೊಯ್ಯುತ್ತಿದ್ದುದೂ ಸೀಸ, ತವರ, ಆಂಟಿಮೊನಿಗಳಿಂದಲೇ. ಸಾಲುಸಾಲಾಗಿ ಅಕ್ಷರ ಎರೆಯುತ್ತಿದ್ದ ಲೈನೋಟೈಪ್ ಯಂತ್ರದ ಲೋಹದಲ್ಲಿ 84 ಪಾಲು ಸೀಸ, 12 ಪಾಲು ಆಂಟಿಮೊನಿ, 4 ಪಾಲು ತವರವಿರುತ್ತಿತ್ತು. ಅಮೆರಿಕದಲ್ಲಿ ಮುದ್ರಣಾಲಯಗಳು ಆ ಯಂತ್ರಗಳನ್ನು ಮೂಲೆಗೆ ಸೇರಿಸಿದಾಗ, ಹಳೆಯ ಲೋಹವನ್ನು ಕೊಂಡು ಸಂಗ್ರಹಿಸಿಟ್ಟವರಲ್ಲಿ ಗುಂಡಿನ ಎರಕದವರೂ ಇದ್ದರು. ಅಕ್ಷರವಾಗಿದ್ದ ಲೋಹ ಗುಂಡಾಯಿತು!

ಕರಗಿದ ಲೋಹದ ಮೇಲೆ ಬೂದುಬಣ್ಣದ ಕಿಟ್ಟ ಕಟ್ಟುತ್ತದೆ. ಅದರಲ್ಲಿ ಬೆಲೆಬಾಳುವ ತವರವೂ ಸೇರಿಕೊಂಡಿರುವುದರಿಂದ ಹಾಗೆಯೇ ತೆಗೆದು ಬಿಸಾಡುವುದಿಲ್ಲ. ಮೇಣದ ಸಣ್ಣ ತುಂಡನ್ನೋ ಮರದ ಹೊಟ್ಟನ್ನೋ ಹಾಕಿ ಕಲಕಿದರೆ ತವರ ಮರಳಿ ಎರಕದೊಳಗೆ ಇಳಿಯುತ್ತದೆ. ಉಳಿದ ಕಸವನ್ನು ಸೌಟಿನಿಂದ ತೆಗೆಯುತ್ತಾರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ನವಸಾಗರ ತಿಕ್ಕಿ ಲೋಹವನ್ನು ಶುದ್ಧಮಾಡಿಕೊಳ್ಳುವುದನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ.

ಅಚ್ಚು ಎಂದರೆ ಇಕ್ಕಳದಂತೆ ತೆರೆದು ಮುಚ್ಚುವ ಎರಡು ಲೋಹದ ಹೋಳುಗಳು. ಅದನ್ನು ಮೊದಲೇ ಬಿಸಿಮಾಡಿ, ಮೇಲಿನ ತಗಡಿನ ರಂಧ್ರದ ಮೂಲಕ ಲೋಹವನ್ನು ಹೊಯ್ದು, ಕೆಲವು ಕ್ಷಣ ಕಾದು, ಮರದ ಕೊಡತಿಯಿಂದ ತಗಡನ್ನು ತಟ್ಟಿದರೆ ಬಾಲ ಕತ್ತರಿಸಿಹೋಗುತ್ತದೆ. ಅಚ್ಚು ತೆರೆದಾಗ ಗುಂಡು ಬಟ್ಟೆಯ ಮೇಲೆ ಬೀಳುತ್ತದೆ. ಮೈಯೆಲ್ಲ ಸುಕ್ಕುಗಟ್ಟಿದ್ದರೆ ಅಚ್ಚು ತಣ್ಣಗಿತ್ತೆಂದೂ, ಮಂಜು ಮುಸುಕಿದಂತೆ ಕಂಡರೆ ಬಿಸಿ ಹೆಚ್ಚಾಯಿತೆಂದೂ ಅರ್ಥ. ಒಳಗೆ ಗಾಳಿಗುಳ್ಳೆ ಇದ್ದರೆ ಕಣ್ಣಿಗೆ ಕಾಣದು. ತಕ್ಕಡಿಗೆ ಹಾಕಿದಾಗ ತೂಕ ಕಡಿಮೆ ಬರುತ್ತದೆ. .30-30ಗೆ ಹೊಯ್ಯುವ ಸಾಮಾನ್ಯ ಗುಂಡಿನ ತೂಕ 170 ಗ್ರೇನ್, ಅಂದರೆ ಸುಮಾರು 11 ಗ್ರಾಂ.

ಇಲ್ಲಿ ನೀರೇ ಪರಮಶತ್ರು. ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ತಟಕ್ಕನೆ ಆವಿಯಾಗಿ ಸಾವಿರ ಪಟ್ಟಿಗಿಂತಲೂ ಹೆಚ್ಚು ಹಿಗ್ಗಿ, ಕುದಿಯುವ ಲೋಹವನ್ನು ಮುಖಕ್ಕೆರಚುತ್ತದೆ.

ಜಿಡ್ಡಿನ ಕೆಲಸವೇನು?

ಅಚ್ಚಿನಿಂದ ಬಂದ ಗುಂಡನ್ನು ಉಕ್ಕಿನ ಬಳೆಯೊಳಗೆ ತೂರಿಸಿ ಅಳತೆಗೆ ತರುತ್ತಾರೆ. ನಳಿಗೆಯ ತೋಡಿನ ಅಳತೆ ಅಂಗುಲದ ಸಾವಿರದಲ್ಲಿ 308 ಭಾಗವಾದರೆ ಗುಂಡನ್ನು 309 ಅಥವಾ 310ಕ್ಕೆ ಇರಿಸುತ್ತಾರೆ. ಕೂದಲೆಳೆಗಿಂತ ಕಡಿಮೆಯಾದ ಈ ಹೆಚ್ಚಳದಿಂದಲೇ ಗುಂಡು ಬಿಗಿಯಾಗಿ ಕೂಡುತ್ತದೆ. ಗುಂಡಿನ ಸೊಂಟದ ಸುತ್ತ ಒಂದೆರಡು ಕಾಲುವೆಗಳಿರುತ್ತವೆ. ಅವು ಅಲಂಕಾರಕ್ಕಲ್ಲ, ಜಿಡ್ಡು ತುಂಬುವುದಕ್ಕೆ.

ಜಿಡ್ಡಿಲ್ಲದ ಸೀಸದ ಗುಂಡು ಅಷ್ಟು ವೇಗದಲ್ಲಿ ಉಕ್ಕನ್ನು ಉಜ್ಜಿಕೊಂಡು ಹೋದಾಗ, ಅದರ ಮೈಯ ಸೀಸ ಸ್ವಲ್ಪಸ್ವಲ್ಪವೇ ನಳಿಗೆಗೆ ಬೆಸುಗೆಯಂತೆ ಅಂಟಿಕೊಳ್ಳುತ್ತದೆ. ತಳದಿಂದ ನುಸುಳುವ ಬಿಸಿ ಅನಿಲ ಗುಂಡಿನ ಅಂಚನ್ನು ಕೊರೆದು ಇನ್ನಷ್ಟು ಸೀಸವನ್ನು ಮುಂದಕ್ಕೆ ಎರಚುತ್ತದೆ. ಕೆಲವೇ ಈಡುಗಳಲ್ಲಿ ತೋಡುಗಳು ಮುಚ್ಚಿ, ರೈಫಲು ಗುರಿ ತಪ್ಪತೊಡಗುತ್ತದೆ. ಕಾಲುವೆಯಲ್ಲಿರುವ ಜಿಡ್ಡು ಒತ್ತಡಕ್ಕೆ ಕರಗಿ ಹರಡಿ ಉಜ್ಜುವಿಕೆಯನ್ನು ತಗ್ಗಿಸುತ್ತದೆ, ಅನಿಲ ನುಸುಳುವ ಸಂದುಗಳನ್ನು ಮುಚ್ಚುತ್ತದೆ. ಹಳೆಯ ಕಾಲದ ಕರಿಮದ್ದಿನ ಬಂದೂಕುಗಳಲ್ಲಿ ಅದಕ್ಕೆ ಇನ್ನೂ ಒಂದು ಕೆಲಸವಿತ್ತು. ಕರಿಮದ್ದು ಉರಿದಾಗ ನಳಿಗೆಯಲ್ಲಿ ಗಟ್ಟಿ ಮಸಿ ಉಳಿಯುತ್ತದೆ. ಜಿಡ್ಡು ಆ ಮಸಿಯನ್ನು ಮೆದುವಾಗಿರಿಸಿ ಮುಂದಿನ ಗುಂಡಿಗೆ ದಾರಿ ಬಿಡಿಸುತ್ತಿತ್ತು. ಹೆಚ್ಚಿನ ವೇಗ ಬೇಕಾದವರು ಗುಂಡಿನ ತಳಕ್ಕೆ ತಾಮ್ರದ ಪುಟ್ಟ ಬಟ್ಟಲನ್ನೂ ತೊಡಿಸುತ್ತಾರೆ.

ಜಿಡ್ಡಿನ ಪಾಕದಲ್ಲಿ ಮುಖ್ಯವಾದದ್ದು ಜೇನುಮೇಣ. ಅದು ಸುಮಾರು 62 ಡಿಗ್ರಿಯವರೆಗೆ ಕರಗದೆ ನಿಲ್ಲುವುದರಿಂದ ಬೇಸಗೆಯಲ್ಲೂ ಗುಂಡಿನಿಂದ ಇಳಿದು ಮದ್ದನ್ನು ಕೆಡಿಸುವುದಿಲ್ಲ. ಮೇಣ ಒಂದೇ ಆದರೆ ಗಡುಸಾಗುತ್ತದೆಂದು ಅದನ್ನು ಮೆದುಗೊಳಿಸಲು ಹಿಂದೆ ಪ್ರಾಣಿಗಳ ಕೊಬ್ಬನ್ನು ಬೆರೆಸುತ್ತಿದ್ದರು. ಈಗ ಪೆಟ್ರೋಲಿಯಂ ಮೂಲದ ‘ಅಲಾಕ್ಸ್’ ಎಂಬ ಪದಾರ್ಥವನ್ನು ಸಮಪಾಲಿನಲ್ಲಿ ಸೇರಿಸುವುದು ಬಹಳ ಬಳಕೆಯಲ್ಲಿರುವ ಪಾಕ. ಸುಲಭ ವಿಧಾನದಲ್ಲಿ ಗುಂಡುಗಳನ್ನು ತಟ್ಟೆಯಲ್ಲಿ ನಿಲ್ಲಿಸಿ, ಕಾಲುವೆ ಮುಳುಗುವಷ್ಟು ಕರಗಿದ ಪಾಕವನ್ನು ಸುರಿದು, ಆರಿದ ಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಾರೆ. ಕೈಯೊತ್ತಿನ ಯಂತ್ರದಿಂದ ಅಳತೆಯನ್ನೂ ಜಿಡ್ಡನ್ನೂ ಒಟ್ಟಿಗೆ ಮುಗಿಸುವವರಿದ್ದಾರೆ. ಗುಂಡು ಹಾರಿದ ಮೇಲೆ ನಳಿಗೆಯ ಬಾಯಿಯ ಸುತ್ತ ತೆಳ್ಳನೆಯ ಜಿಡ್ಡಿನ ಉಂಗುರ ಮೂಡಿದ್ದರೆ, ಜಿಡ್ಡು ಕೊನೆಯವರೆಗೂ ಸಾಕಾಯಿತೆಂದು ತಿಳಿಯುತ್ತಾರೆ. ಇತ್ತೀಚೆಗೆ ಜಿಡ್ಡಿನ ಬದಲು ಪುಡಿಬಣ್ಣವನ್ನು ಗುಂಡಿಗೆ ಹಚ್ಚಿ ಸುಮಾರು 200 ಡಿಗ್ರಿ ಶಾಖದಲ್ಲಿ ಬೇಯಿಸುವ ಕ್ರಮವೂ ಬಂದಿದೆ.

1857ರಲ್ಲಿ ಸಿಪಾಯಿಗಳು ಕೊಟ್ಟ ಸಲಹೆ

ಈಗ ಶಾಲೆಯ ಪಾಠಕ್ಕೆ ಮರಳೋಣ. ಎನ್‌ಫೀಲ್ಡ್ 1853ರ ಮಾದರಿಯ ಬಂದೂಕಿಗೆ ಗುಂಡನ್ನು ಹಿಂದಿನಿಂದಲ್ಲ, ನಳಿಗೆಯ ಬಾಯಿಯಿಂದಲೇ ತುಂಬಬೇಕಿತ್ತು. ತೋಟೆ ಎಂದರೆ ಮದ್ದನ್ನೂ ಗುಂಡನ್ನೂ ಒಳಗೊಂಡ ಕಾಗದದ ಸುರುಳಿ. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ಸುರಿದು, ಜಿಡ್ಡು ಸವರಿದ ಕಾಗದದೊಡನೆಯೇ ಗುಂಡನ್ನು ಸಲಾಕೆಯಿಂದ ತುರುಕುತ್ತಿದ್ದ. ಸುರುಳಿ ತೋಡಿನ, ಮಸಿ ಹಿಡಿದ ನಳಿಗೆಯಲ್ಲಿ ಗುಂಡು ಸರಾಗವಾಗಿ ಇಳಿಯಲು ಜಿಡ್ಡು ಅನಿವಾರ್ಯ. ಆದ್ದರಿಂದ ಜಿಡ್ಡು ಬಂದದ್ದು ಯಾರ ಧರ್ಮ ಕೆಡಿಸುವುದಕ್ಕೂ ಅಲ್ಲ. ಆದರೆ ಅದು ಯಾವ ಕೊಬ್ಬು ಎಂಬ ಪ್ರಶ್ನೆಗೆ ಕಂಪೆನಿಯ ಅಧಿಕಾರಿಗಳ ಬಳಿ ಖಚಿತವಾದ ಉತ್ತರವಿರಲಿಲ್ಲ. ಕೊಬ್ಬು ಯಾವ ಪ್ರಾಣಿಯದೆಂದು ನೋಡಿಕೊಳ್ಳುವ ಎಚ್ಚರವನ್ನೇ ಅವರು ವಹಿಸಿರಲಿಲ್ಲ.

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಈ ಸುದ್ದಿ ಹಬ್ಬಿದಾಗ, ನಿಮ್ಮ ಅಹವಾಲು ಏನೆಂದು ಅಧಿಕಾರಿಗಳು ಸಿಪಾಯಿಗಳನ್ನೇ ಕೇಳಿದರು. ಮೇಣ ಮತ್ತು ಎಣ್ಣೆ ಬಳಸಿರಿ ಎಂಬುದೇ ಅವರ ಉತ್ತರ. ಕಸುಬಿನ ದೃಷ್ಟಿಯಿಂದ ಅದು ಸರಿಯಾದ ಸಲಹೆ. ಮೇಣವೇ ಇಂದಿಗೂ ಈ ಪಾಕದ ಆಧಾರ. ಸರಕಾರವೂ ಅದೇ ತಿಂಗಳ ಕೊನೆಯಲ್ಲಿ ಜಿಡ್ಡಿಲ್ಲದ ತೋಟೆ ಕೊಟ್ಟು, ಸಿಪಾಯಿಗಳು ತಮಗೆ ಒಪ್ಪಿದ್ದನ್ನು ಸವರಿಕೊಳ್ಳಲಿ ಎಂದು ಅಪ್ಪಣೆ ಮಾಡಿತು. ಮಾರ್ಚಿನಲ್ಲಿ ತೋಟೆಯನ್ನು ಹಲ್ಲಿನ ಬದಲು ಕೈಯಿಂದ ಹರಿಯುವ ಕವಾಯತು ಬಂತು. ಆದರೆ ಅಷ್ಟರಲ್ಲಿ ಅನುಮಾನ ಜಿಡ್ಡನ್ನು ಬಿಟ್ಟು ಕಾಗದದ ಹೊಳಪಿಗೆ ದಾಟಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಪೈಕಿ 85 ಮಂದಿ ತೋಟೆ ಮುಟ್ಟಲು ಒಪ್ಪಲಿಲ್ಲ. ಅವರ ಮುಂದಿಟ್ಟದ್ದು ಹಳೆಯ ಬಗೆಯ ತೋಟೆಗಳೇ ಆಗಿದ್ದವು. ಅವರಿಗೆ ಬೇಡಿ ತೊಡಿಸಿದ ಮರುದಿನ, ಮೇ 10ರಂದು, ದಂಗೆ ಎದ್ದಿತು.

ದಂಗೆಗೆ ಜಿಡ್ಡೊಂದೇ ಕಾರಣವಲ್ಲ. ರಾಜ್ಯಗಳ ಕಬಳಿಕೆ, ಸಂಬಳದ ಅಸಮಾಧಾನ, ಅವಮಾನಗಳು ಹಲವಿದ್ದವು. ಆದರೂ ಕೈಗೆ ಕೊಟ್ಟ ವಸ್ತುವಿನಲ್ಲಿ ಏನಿದೆ ಎಂದು ಹೇಳಲಾಗದ ಅಧಿಕಾರವನ್ನು ಜನ ನಂಬುವುದಿಲ್ಲ ಎಂಬುದನ್ನು ಈ ಪ್ರಸಂಗ ಸ್ಪಷ್ಟವಾಗಿ ತೋರಿಸುತ್ತದೆ. ಒಮ್ಮೆ ಕಳೆದ ನಂಬಿಕೆ ಪದಾರ್ಥವನ್ನು ಬದಲಿಸಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಹಲಗಲಿ ಮತ್ತು ಕೊಡಗು

ದಂಗೆಯ ಬೆನ್ನಲ್ಲೇ ಅದೇ ವರ್ಷ ಕಂಪೆನಿ ಸರಕಾರ ಜನರ ಆಯುಧಗಳನ್ನು ಕಸಿಯುವ ಕಾಯ್ದೆ ತಂದಿತು. ಅದರ ಬಿಸಿ ಕನ್ನಡನಾಡಿಗೆ ತಟ್ಟಿದ್ದು ಮುಧೋಳ ಸಂಸ್ಥಾನದ ಹಲಗಲಿಯಲ್ಲಿ. ಆಯುಧವೇ ಬದುಕಾಗಿದ್ದ ಅಲ್ಲಿಯ ಬೇಡರು ಅವನ್ನು ಒಪ್ಪಿಸಲು ನಿರಾಕರಿಸಿ, 1857ರ ನವೆಂಬರಿನಲ್ಲಿ ಸೈನ್ಯವನ್ನು ಎದುರಿಸಿದರು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ ಹಲವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮರ ಹೆಸರು ಲಾವಣಿಯಲ್ಲಿ ಉಳಿದುಕೊಂಡಿತು. ಆ ಲಾವಣಿಯನ್ನು ಸಂಗ್ರಹಿಸಿದವರು ಮುಂಬಯಿ ಸರಕಾರದ ಅಧಿಕಾರಿಯೂ ಕನ್ನಡ ಶಾಸನಗಳ ವಿದ್ವಾಂಸರೂ ಆಗಿದ್ದ ಜೆ. ಎಫ್. ಫ್ಲೀಟರು.

ಕೊಡಗಿನಲ್ಲಿ ಇದೇ ಕಾಯ್ದೆಯ ಕಥೆ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡಗಿನವರಿಗೆ ಅದು ಅನ್ವಯಿಸದೆಂದು ಪ್ರಕಟಿಸಿದರು. ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ವಿನಾಯಿತಿಯಿದೆ; 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ, ಮಗು ಹುಟ್ಟಿದಾಗಲೂ ಹಿರಿಯರು ತೀರಿಕೊಂಡಾಗಲೂ ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯ ಅಲ್ಲಿಯದು.

ಸೀಸದಲ್ಲಿ ಏನಿದೆ?

ಜಿಡ್ಡಿನ ಗುಟ್ಟು ರಟ್ಟಾಗಿ ಬಹಳ ಕಾಲವಾಯಿತು. ಇಂದು ಕೇಳಬೇಕಾದ ಪ್ರಶ್ನೆ ಸೀಸದ್ದು. ಸೀಸ ವಿಷ. ಮೈಯಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡಕ್ಕೆ, ಮೂತ್ರಪಿಂಡದ ಕಾಯಿಲೆಗೆ ಕಾರಣವಾಗುವ ಅದು, ಮಕ್ಕಳಲ್ಲಿ ಬೆಳೆಯುವ ಮೆದುಳನ್ನೇ ಹಾಳುಗೆಡಹುತ್ತದೆ. ನಮ್ಮ ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದ್ದು ಈ ಕಾರಣಕ್ಕೇ. ಎರಕದ ಜಾಗದಲ್ಲಿ ಹೊಗೆಗಿಂತ ಹೆಚ್ಚಾಗಿ ಕಿಟ್ಟದ ಧೂಳು ಕೈಯಿಂದ ಬಾಯಿಗೆ, ಬಟ್ಟೆಯಿಂದ ಮನೆಗೆ ಸೇರುತ್ತದೆ. ಬಲ್ಲ ಎರಕದವರು ಅಡುಗೆಮನೆಯಲ್ಲಿ ಈ ಕೆಲಸ ಮಾಡುವುದಿಲ್ಲ. ಅದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಮುಟ್ಟಿಸುವುದೂ ಇಲ್ಲ.

ವಿಷ ಕಾಡಿಗೂ ಹೋಗುತ್ತದೆ. ಬೇಟೆಯಾದ ಪ್ರಾಣಿಯ ದೇಹದಲ್ಲಿ ಉಳಿದ ಸೀಸದ ಚೂರುಗಳು ಅದನ್ನು ತಿಂದ ಹದ್ದು ರಣಹದ್ದುಗಳ ಹೊಟ್ಟೆ ಸೇರುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳ ಸಂಖ್ಯೆ 1980ರ ದಶಕದಲ್ಲಿ ಮೂವತ್ತಕ್ಕೂ ಕೆಳಗಿಳಿದಿತ್ತು. ಅವನ್ನು ಉಳಿಸುವ ಸಲುವಾಗಿ ಆ ರಾಜ್ಯ 2013ರಲ್ಲಿ ಕಾಯ್ದೆ ಮಾಡಿ, 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ದನಗಳ ನೋವಿನ ಔಷಧಿಯಾದ ಡೈಕ್ಲೋಫೆನಾಕ್‌ನಿಂದ ನಮ್ಮ ರಣಹದ್ದುಗಳು ಸತ್ತುಹೋದದ್ದನ್ನು ಕಂಡವರಿಗೆ ಇದು ಹೊಸ ಮಾತಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಬೇಕಾಗಿ ಬಂದದ್ದು ಆ ಪಕ್ಷಿಗಳು ಎಷ್ಟು ವಿರಳವಾದವು ಎಂಬುದಕ್ಕೆ ಸಾಕ್ಷಿ.

ಅಟ್ಟದ ಮೇಲಿನ ಪೆಟ್ಟಿಗೆ

ಇದೆಲ್ಲ ಬೊರಿವಲಿಯ ನಮಗೇಕೆ ಎಂದು ಓದುಗರು ಕೇಳಬಹುದು. ಮುಂಬಯಿಯಲ್ಲಿ ನೆಲೆಸಿದ ನಮ್ಮಲ್ಲಿ ಬಹಳಷ್ಟು ಕುಟುಂಬಗಳ ಮೂಲಮನೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಕೊಡಗಿನಲ್ಲಿ ಇದೆ. ತೋಟಕ್ಕೆ ನುಗ್ಗುವ ಹಂದಿ ಮಂಗಗಳನ್ನು ಬೆದರಿಸಲು ಹಿರಿಯರು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿದ್ದ ಮನೆಗಳೂ ಉಂಟು. ಹಿರಿಯರು ಹೋದ ಮೇಲೆ ಮನೆಗೆ ಬೀಗ ಬೀಳುತ್ತದೆ. ಅಟ್ಟದ ಮೇಲೆ ಕೇಪು ಕೋವಿ, ಗುಂಡಿನ ಅಚ್ಚು, ಸೀಸದ ಗಟ್ಟಿ ಹಾಗೆಯೇ ಉಳಿಯುತ್ತವೆ. ರಜೆಗೆ ಹೋದ ಮಕ್ಕಳಿಗೆ ಅವು ಆಟಿಕೆಗಳಂತೆ ಕಾಣುತ್ತವೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದರ ಬಿಡಿಭಾಗಗಳೂ ತಯಾರಿಸುವ ಸಲಕರಣೆಗಳೂ ‘ಮದ್ದುಗುಂಡು’ ಎಂಬ ಪದದ ವ್ಯಾಪ್ತಿಗೇ ಸೇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಆದ್ದರಿಂದ ಮೇಲಿನ ವಿವರಣೆ ತಿಳಿವಳಿಕೆಗೇ ಹೊರತು ಪ್ರಯೋಗಕ್ಕಲ್ಲ. ಪರವಾನಗಿದಾರರು ತೀರಿಕೊಂಡಿದ್ದರೆ ವಾರಸುದಾರರು ತಡಮಾಡದೆ ಕೋವಿಯನ್ನು ಸಮೀಪದ ಪೊಲೀಸು ಠಾಣೆಗೆ ಅಥವಾ ಅಧಿಕೃತ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ಇಟ್ಟುಕೊಳ್ಳುವ ಇಚ್ಛೆಯಿದ್ದರೆ ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬೇಕು. ಅಚ್ಚು, ಸೀಸ, ಹಳೆಯ ಮದ್ದು ಕಣ್ಣಿಗೆ ಬಿದ್ದರೆ ಮಕ್ಕಳನ್ನು ದೂರವಿರಿಸಿ ಠಾಣೆಗೆ ತಿಳಿಸುವುದು ಕ್ಷೇಮ. ಹಳೆಯ ಮದ್ದನ್ನು ತಾವಾಗಿಯೇ ಸುಡಲು ಹೋಗಬಾರದು.

ನಮ್ಮ ಮನೆಯ ಹಿಂದಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಇಂದು ಚಿರತೆಗಳನ್ನು ಎಣಿಸುವುದು ಕ್ಯಾಮೆರಾಗಳಿಂದ. ಆಂಡರ್ಸನ್ನರ ರೈಫಲಿನ ಕಾಲ ಮುಗಿದಿದೆ; ಅವರ ಕಥೆಗಳು ಉಳಿದಿವೆ. ಅವನ್ನು ಓದುವ ಮಕ್ಕಳು ಗುಂಡಿಗೆ ಜಿಡ್ಡೇಕೆ ಎಂದು ಕೇಳಿದರೆ ಸರಿಯಾದ ಉತ್ತರ ಹೇಳೋಣ. ಅದರೊಡನೆ, ಕೈಗೆ ಬಂದ ಯಾವ ವಸ್ತುವಿನಲ್ಲೂ ಏನಿದೆ ಎಂದು ಕೇಳಿ ತಿಳಿದುಕೊಳ್ಳುವ ಅಭ್ಯಾಸವನ್ನೂ ಕಲಿಸೋಣ. ಡಂಡಂನ ಸಿಪಾಯಿಗಳು ಕೇಳಿದ್ದೂ ಅಷ್ಟೇ.